ಜೀಪಿನ ಆಚಾರ್ರು

ಹಣೆಗೆ ಅಂಗಾರ ಅಕ್ಷತೆ, ತೋಳಿಗೆ ಗೋಪಿಚಂದನದ ಮುದ್ರೆ, ಮೈಗೆ ಡೀಸೆಲ್ ವಾಸನೆ. ಇವೆಲ್ಲ ಒಟ್ಟಿಗೆ ಇದ್ದ ಮನುಷ್ಯನೆಂದರೆ ಇಡೀ ಹೊಸಪೇಟೆಯಲ್ಲಿ ನಾನು ಕಂಡಂತೆ ಅವರೊಬ್ಬರೇ. ಎಲ್ಲರೂ ಆಚಾರ್ರು ಅನ್ನುತ್ತಿದ್ದರು. ಊರಿನಲ್ಲಿ ಬೇರೆ ಆಚಾರ್ರೂ ಬಹಳ ಮಂದಿ ಇದ್ದುದರಿಂದ, ಗುರುತು ಹೇಳಬೇಕಾದಾಗ ಜೀಪಿನ ಆಚಾರ್ರು. ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಇಲ್ಲಿಯೂ ಹೆಸರು ಬರೆಯುವುದಿಲ್ಲ.

ಹೋದ ಮಾಘದಲ್ಲಿ ತೀರಿಕೊಂಡರು. ಸ್ಮಶಾನದಿಂದ ತಿರುಗಿ ಬರುವಾಗ ಜೊತೆಗಿದ್ದವರೆಲ್ಲ ಆಚಾರ್ರು ತಮ್ಮನ್ನು ಯಾವಾಗ, ಯಾರ ಮುಂದೆ, ಏನೆಂದು ಗೇಲಿ ಮಾಡಿದ್ದರು ಎಂಬುದನ್ನೇ ಹೇಳಿಕೊಂಡು ಬಂದರು. ಬೈಸಿಕೊಂಡದ್ದನ್ನು ಅಷ್ಟು ಹೆಮ್ಮೆಯಿಂದ ನೆನೆಸಿಕೊಳ್ಳುವ ಮಂದಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ನನಗೆ ಹೇಳುವುದು ಬೇರೆಯೇ ಇತ್ತು. ಅವತ್ತು ಹೇಳದ್ದನ್ನು ಈಗ ಬರೆಯುತ್ತಿದ್ದೇನೆ.

ಸಂಡೂರು ರಸ್ತೆಯಲ್ಲಿ, ಊರು ಮುಗಿಯುವ ಕಡೆ ನನ್ನದೊಂದು ಟೈರ್ ಅಂಗಡಿ. ಅದರ ಪಕ್ಕದ ತಗಡಿನ ಶೆಡ್ಡು ಆಚಾರ್ರದು. ಅವರ ಮನೆತನದವರು ಪೂಜೆಯವರು. ಅಣ್ಣ ಮಲಪನಗುಡಿ ದಾರಿಯ ಹನುಮಪ್ಪನ ಗುಡಿಯಲ್ಲಿ ಅರ್ಚಕರಾಗಿದ್ದರು. ಇವರು ಮಾತ್ರ ಹತ್ತೊಂಬತ್ತನೇ ವಯಸ್ಸಿಗೇ ಸರ್ವೇ ಮಾಡುವವರ ಜೀಪು ಹತ್ತಿ ಸಂಡೂರಿನ ಗುಡ್ಡಗಳಿಗೆ ಹೋದವರು. ದಾರಿ ಇಲ್ಲದ ಕಡೆಗೆ ಕಲ್ಲು ನೋಡುವ ಸಾಹೇಬರನ್ನು ಕರೆದುಕೊಂಡು ಹೋಗುವುದು, ಕತ್ತಲಾಗುವುದರೊಳಗೆ ಇಳಿಸಿಕೊಂಡು ಬರುವುದು. ಮೂವತ್ತು ವರ್ಷ ಅದೇ ಕೆಲಸ. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು, ತಾವೇ ಓಡಿಸುತ್ತಿದ್ದ ಜೀಪನ್ನು ಹರಾಜಿನಲ್ಲಿ ಹಿಡಿದು ತಂದು, ಈ ಶೆಡ್ಡು ಹಾಕಿಕೊಂಡರು. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ ಬಂದು ಯಾವುದಾದರೂ ಗಾಡಿಯ ಕೆಳಗೆ ಮಲಗಿದರೆ ಮಧ್ಯಾಹ್ನದ ಊಟಕ್ಕೇ ಎದ್ದು ಬರುವುದು. ಹೊರಗಿನ ಚಹಾ ಕುಡಿಯುತ್ತಿರಲಿಲ್ಲ. ಆದರೆ ನನ್ನ ಅಂಗಡಿಯ ಮುಂದೆ ಚಹಾ ಕುಡಿಯುವವರು ಸೇರಿದರೆ, ಸ್ಟೀಲ್ ತಂಬಿಗೆಯಲ್ಲಿ ಮಜ್ಜಿಗೆ ಹಿಡಿದುಕೊಂಡು ಅವರೂ ಬಂದು ಕೂರುತ್ತಿದ್ದರು. ನೋಡಲು ಅಷ್ಟು ಇತ್ತು ಆಗ, ಆ ರಸ್ತೆಯಲ್ಲಿ.

ಗಣಿ ದಂಧೆ ಜೋರಾಗಿದ್ದ ವರ್ಷಗಳು. ಅದಿರು ತುಂಬಿದ ಲಾರಿಗಳ ಸಾಲು ಬೆಳಗಿನಿಂದ ಸಂಜೆಯವರೆಗೆ ಮುಗಿಯುತ್ತಿರಲಿಲ್ಲ. ಅದರ ಧೂಳಿಗೆ ಬೇವಿನ ಎಲೆ ಕೆಂಪಗೆ, ಎಮ್ಮೆಯ ಬೆನ್ನು ಕೆಂಪಗೆ, ನಾನು ಸೀನಿದರೂ ಕೆಂಪಗೆ. ಆ ಲಾರಿಗಳ ನಡುವೆ ದೊಡ್ಡ ದೊಡ್ಡ ಜೀಪುಗಳು ಬರತೊಡಗಿದವು. ಮೊನ್ನೆ ಮೊನ್ನೆಯವರೆಗೆ ಮೊಪೆಡ್ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವರು ಈಗ ಆನೆಯಂಥ ಗಾಡಿಯೊಳಗೆ ಕಣ್ಣು ಮಾತ್ರ ಕಾಣುವ ಹಾಗೆ ಕೂತಿರುತ್ತಿದ್ದರು. ಮುಂದೆ ಹೊಳೆಯುವ ಪೈಪಿನ ಬಂಪರು, ತಲೆಯ ಮೇಲೆ ಆರು ಲೈಟು, ಹಿಂದೆ ಏಣಿ, ಪಕ್ಕದಲ್ಲಿ ಬೆಲ್ಟು ಹಾಕಿ ಬಿಗಿದ ಸಲಿಕೆ. ಸಲಿಕೆಗೆ ಅಂಗಡಿಯವರು ಸುತ್ತಿಕೊಟ್ಟ ಪ್ಲಾಸ್ಟಿಕ್ಕು ಹಾಗೇ ಇರುತ್ತಿತ್ತು. ಬೆಟ್ಟ ಹತ್ತಲೆಂದೇ ಮಾಡಿದ ಆ ಗಾಡಿಗಳಲ್ಲಿ ಬಹಳಷ್ಟು ಹತ್ತಿದ ಅತಿ ದೊಡ್ಡ ಏರೆಂದರೆ ಕಲ್ಯಾಣಮಂಟಪದ ಬಾಗಿಲಿನ ಇಳಿಜಾರು. ಅವಕ್ಕೆ ಹೊರಗೆ ಚಾಚಿಕೊಳ್ಳುವ ಅಗಲ ಟೈರು ಮಾರಿದವನು ನಾನೇ. ಮಾರಿ, ಅವರು ಹೋದ ಮೇಲೆ ಆಚಾರ್ರ ಜೊತೆ ಕೂತು ನಕ್ಕವನೂ ನಾನೇ.

ಗೇಲಿ ಮಾಡುವ ಮೊದಲು ಆಚಾರ್ರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಳ್ಳುತ್ತಿದ್ದರು. ಅದನ್ನು ನೋಡಿದ ಕೂಡಲೇ ನಾವು ಚಹಾದ ಲೋಟ ಕೆಳಗಿಡುತ್ತಿದ್ದೆವು. ದನಿ ಏರಿಸುತ್ತಿರಲಿಲ್ಲ. ಮುಖದಲ್ಲಿ ನಗೆ ಇರುತ್ತಿರಲಿಲ್ಲ. ಒಬ್ಬರ ಗಾಡಿಯ ಹಿಂದಿನ ಏಣಿ ನೋಡಿ, "ಯಜಮಾನ್ರೇ, ಮನ್ಯಾಗ ಮಾವಿನ ಗಿಡ ಅದ ಏನ್ರಿ?" ಎಂದು ಕೇಳಿದರು. ಅವರು ಇಲ್ಲ ಅಂದರು. "ಮತ್ತ ಏಣಿ ಹೊತಗೊಂಡು ಯಾರ ತ್ವಾಟಕ್ಕ ಹೊಂಟೀರಿ?"

ಹೊಸ ಗಾಡಿ ತಂದವರು ಪೂಜೆಗೆ ಅಣ್ಣನ ಗುಡಿಗೆ ಹೋಗುತ್ತಿದ್ದರು. ಶನಿವಾರಗಳಲ್ಲಿ ಆಚಾರ್ರೂ ಅಲ್ಲಿ ಇರುತ್ತಿದ್ದರು. ಅಣ್ಣ ಗಾಡಿಗೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಮಂತ್ರ ಮುಗಿಸುವವರೆಗೂ ಇವರು ಕೈಮುಗಿದು ನಿಂತಿರುವರು. ಆಮೇಲೆ ಮಾಲೀಕನ ಹತ್ತಿರ ಬಂದು ಮೆಲ್ಲಗೆ, "ಗೇರ್ ಲಿವರ್ ಪಕ್ಕದಾಗ ಇನ್ನೊಂದು ಸಣ್ಣ ಲಿವರ್ ಅದ ಅಲ್ರೀ, ಅದೇನು?" ಅನ್ನುವರು. ನೂರಕ್ಕೆ ತೊಂಬತ್ತು ಮಂದಿಗೆ ಅದು ಗೊತ್ತಿರುತ್ತಿರಲಿಲ್ಲ. ಅದು ನಾಲ್ಕೂ ಗಾಲಿಗೆ ಬಲ ಕೊಡುವ ಲಿವರು. ಆ ಗಾಡಿಗೆ ಅಷ್ಟೊಂದು ಬೆಲೆ ಇರುವುದೇ ಅದರ ಸಲುವಾಗಿ. ಒಬ್ಬ, ಅದು ಏಸಿಯದು ಇರಬೇಕು ಅಂದ. "ಹಂಗಿದ್ರ ಬ್ಯಾಸಿಗ್ಯಾಗ ಹಾಕ್ರಿ," ಅಂದರು ಆಚಾರ್ರು. ಆ ಮನುಷ್ಯ ನಿಜಕ್ಕೂ ಹಾಕಿದ. ನಾಲ್ಕು ತಿಂಗಳಿಗೆ ಮುಂದಿನ ಎರಡೂ ಟೈರು ತುರಿಮಣೆಯ ಹಾಗೆ ಸವೆದು ನನ್ನ ಅಂಗಡಿಗೆ ಬಂದವು. ಡಾಂಬರು ರಸ್ತೆಯಲ್ಲಿ ಆ ಲಿವರ್ ಹಾಕಿಕೊಂಡು ಓಡಿಸಿದರೆ ಹಾಗೇ ಆಗುತ್ತದೆ. ನಾನು ಹೊಸ ಟೈರು ಮಾರಿದೆ. ಲಿವರಿನ ಮಾತು ಆಚಾರ್ರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಡ್ರೈವರ್ ಇಟ್ಟುಕೊಂಡವರ ಸುದ್ದಿಗೆ ಹೋಗುತ್ತಿರಲಿಲ್ಲ. "ಅವರಿಗೆ ಬರಂಗಿಲ್ಲ ಅಂತ ಅವರಿಗೇ ಗೊತ್ತದ. ಅಂಥವರನ್ನ ಏನು ಅನ್ನೂದು," ಎನ್ನುತ್ತಿದ್ದರು.

ನಾನೂ ಅವರ ಬಾಯಿಗೆ ಸಿಕ್ಕೆ. ವ್ಯಾಪಾರ ಚೆನ್ನಾಗಿದ್ದ ಒಂದು ವರ್ಷ ಹಳೆಯದೊಂದು ದೊಡ್ಡ ಜೀಪು ಕೊಂಡೆ. ಕಂಪ್ಲಿಯಲ್ಲಿ ನನ್ನ ಅಕ್ಕನ ಮನೆ; ಮನೆಯ ಹಿಂದೆಯೇ ಕಾಲುವೆ ನೀರಿನ ಭತ್ತದ ಗದ್ದೆ. ಅಕ್ಕನ ಗಂಡ, ನಮ್ಮ ಮಾವ, ಗಾಡಿಯನ್ನು ಸುತ್ತು ಹಾಕಿ ನೋಡಿ, "ಇದು ಗದ್ಯಾಗೂ ಹೊಕ್ಕೈತೇನಪಾ?" ಎಂದರು. "ಹೊಕ್ಕೈತಿ" ಎಂದು ಹೇಳಿ ಇಳಿಸಿಯೇಬಿಟ್ಟೆ. ಹತ್ತು ಮಾರು ಹೋಯಿತು. ಆಮೇಲೆ ಬಾಗಿಲಿನ ಮಟ್ಟಕ್ಕೆ ಕೂತುಬಿಟ್ಟಿತು. ಎರಡು ಜೋಡಿ ಎತ್ತು ಕಟ್ಟಿ ಎಳೆಸಿದರು. ಎತ್ತುಗಳೂ ಹೂತುಕೊಂಡವು. ಕೊನೆಗೆ ಬೇರೆ ದಾರಿ ಕಾಣದೆ ಆಚಾರ್ರಿಗೆ ಫೋನ್ ಮಾಡಿದೆ.

ಟ್ರ್ಯಾಕ್ಟರ್ ತೆಗೆದುಕೊಂಡು ಬರುತ್ತಾರೆ ಅಂದುಕೊಂಡಿದ್ದೆ. ಬಸ್ಸಿನಲ್ಲಿ ಬಂದರು, ಕೈಯಲ್ಲಿ ಛತ್ರಿ. ಪಂಚೆ ಮೇಲೆ ಕಟ್ಟಿ ಕೆಸರಿಗೆ ಇಳಿದು ಗಾಡಿಯನ್ನು ಒಂದು ಸುತ್ತು ಹಾಕಿದರು. ನಾಲ್ಕೂ ಟೈರಿನ ಗಾಳಿ ಅರ್ಧ ಇಳಿಸಿದರು. ಅಕ್ಕನ ಮನೆಯಿಂದ ನಾಲ್ಕು ಚೀಲ ಭತ್ತದ ಹೊಟ್ಟು ತರಿಸಿ ಗಾಲಿಗಳ ಮುಂದೆ ಸುರಿಸಿದರು. ಮುಂದಿನ ಎರಡು ಗಾಲಿಗಳ ಹತ್ತಿರ ಬಗ್ಗಿ ಏನೋ ತಿರುಗಿಸಿದರು. ನಾನು ಹತ್ತಿರ ಹೋಗುವಷ್ಟರಲ್ಲಿ ಅದು ಮುಗಿದಿತ್ತು. ಗಾಡಿ ಹತ್ತಿ, ಎಂಜಿನ್ನಿನ ಸದ್ದನ್ನೂ ಏರಿಸದೆ, ಮುದುಕಿ ಮೆಟ್ಟಿಲು ಹತ್ತಿದಷ್ಟು ನಿಧಾನವಾಗಿ ಹೊರಗೆ ತಂದುಬಿಟ್ಟರು.

ಗದ್ದೆಯ ಬದುವಿನ ಮೇಲೆ ಅರ್ಧ ಕಂಪ್ಲಿ ನಿಂತಿತ್ತು. ಆಚಾರ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮ ಮಾವನ ಕಡೆ ತಿರುಗಿ, "ಇವನ ಅಂಗಡಿ ಬೋರ್ಡಿನ ಮ್ಯಾಲ ಏನು ಬರದದ ಗೊತ್ತೇನ್ರಿ? 'ಇಲ್ಲಿ ಗಾಳಿ ಹಾಕಲಾಗುತ್ತದೆ.' ತಗಿಯೂದು ಬರಂಗಿಲ್ಲಂತ ಪಾಪ ಅಲ್ಲೇ ಬರಿಸ್ಯಾನ. ನಾವ ಓದಿಲ್ಲ," ಅಂದರು.

ಹೊಸಪೇಟೆಗೆ ವಾಪಸು ಬರುವಾಗ ಗಾಲಿಯ ಹತ್ತಿರ ಏನು ತಿರುಗಿಸಿದಿರಿ ಎಂದು ಕೇಳಿದೆ. "ದೇವರ ಹೆಸರು ತೊಗೊಂಡೆ," ಅಂದರು. ಕಲಿಸಿಕೊಡಿ ಅಂದೆ. "ಮೂವತ್ತು ವರ್ಷ ಬೇಕು. ಪುರಸೊತ್ತದ ಏನು?"

ಯಾರು ಕೇಳಿದರೂ ಅದೇ ಉತ್ತರ. ಸಿಕ್ಕಿಕೊಂಡ ಗಾಡಿಯನ್ನು ಎಂಥ ಕಡೆಯಿಂದಲಾದರೂ ತೆಗೆದುಕೊಡುತ್ತಿದ್ದರು, ತೆಗೆದದ್ದು ಹೇಗೆಂದು ಮಾತ್ರ ಹೇಳುತ್ತಿರಲಿಲ್ಲ. ಅದು ಜಂಬವೆಂದು ನನಗೆ ಆಗ ಅನಿಸಿರಲಿಲ್ಲ. ದೊಡ್ಡವರ ಒಂದು ಗತ್ತು ಅಂದುಕೊಂಡಿದ್ದೆ.

ಶರಣು ಬಂದದ್ದು ಆ ಹೊತ್ತಿನಲ್ಲಿ. ಇಪ್ಪತ್ತನಾಲ್ಕು ವರ್ಷದ ಹುಡುಗ. ಅವರಪ್ಪನಿಗೆ ಕಂಪ್ಲಿ ಕಡೆ ಅಕ್ಕಿ ಗಿರಣಿ ಇತ್ತು. ಗಣಿಗೆ ಲಾರಿ ಬಿಟ್ಟ ಮೇಲೆ ಕೈ ಇನ್ನಷ್ಟು ಮೇಲಾಗಿತ್ತು. ನಮ್ಮ ರಸ್ತೆಯಲ್ಲಿ ಓಡಾಡುತ್ತಿದ್ದ ಗಾಡಿಗಳಲ್ಲೆಲ್ಲ ದೊಡ್ಡದು ಶರಣುವಿನದು. ಆದರೆ ಹುಡುಗ ಅಂಥವನಲ್ಲ. ಗಾಡಿ ದೂರ ನಿಲ್ಲಿಸಿ ನಡೆದು ಬಂದು, ಆಚಾರ್ರ ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂರುತ್ತಿದ್ದ. ಅವರು ಬಿಚ್ಚಿಟ್ಟ ಸಾಮಾನು ಒರೆಸಿಕೊಡುತ್ತಿದ್ದ.

"ಆಚಾರ್ರೇ, ಗುಡ್ಡ ಹತ್ತಿಸೋದು ಕಲಸ್ರಿ."

"ಲೇ, ಮೊದಲು ಗಾಡಿ ಗೇಟಿನೊಳಗ ಗೀರಲ್ದಂಗ ನಿಂದ್ರಸೂದು ಕಲಿ."

"ಕಲ್ತೀನ್ರಿ."

"ಹಂಗಾರ ಇನ್ನ ಇಪ್ಪತ್ತೊಂಬತ್ತು ವರ್ಷ ಉಳೀತು."

ಅವನು ನಗುತ್ತಿದ್ದ. ಮರುದಿನ ಮತ್ತೆ ಬಂದು ಕೇಳುತ್ತಿದ್ದ. ಏಳೆಂಟು ತಿಂಗಳು ಹೀಗೇ ಕೇಳಿದ.

ಶರಣುವಿಗೆ ಗಂಗಾವತಿಯ ಹುಡುಗಿಯೊಂದಿಗೆ ಮದುವೆ ಗೊತ್ತಾಯಿತು. ನಿಶ್ಚಯವಾದ ಮರುವಾರ ಆ ಹುಡುಗಿಯ ಅಣ್ಣಂದಿರು ಇಬ್ಬರೂ ಹೊಸಪೇಟೆಗೆ ಬಂದಿದ್ದರು. ಅವರನ್ನು ಹಂಪಿಗೆ ಕರೆದುಕೊಂಡು ಹೋಗಿ ತೋರಿಸಿ, ಅಲ್ಲಿಂದ ನೇರ ಆಚಾರ್ರ ಶೆಡ್ಡಿಗೆ ಕರೆತಂದ. "ನಾನು ಹೇಳ್ತಿದ್ದೆನಲ್ರಿ ಮಾಮಾ, ಇವರೇ ಆಚಾರ್ರು. ಸಂಡೂರು ಗುಡ್ಡದಾಗ ಇವರು ಹತ್ತಲಾರದ್ದು ಒಂದೂ ಇಲ್ಲ," ಎಂದು ಪರಿಚಯ ಮಾಡಿಕೊಟ್ಟ. ತನ್ನ ಮನೆಯ ಹಿರಿಯರನ್ನು ತೋರಿಸುವವರ ಹಾಗೆ ತೋರಿಸಿದ. ಚಹಾದ ಹೊತ್ತು, ನಾವು ಹತ್ತು ಹನ್ನೆರಡು ಮಂದಿ ಇದ್ದೆವು.

ಶೆಡ್ಡಿನ ಹಿಂದೆ ರಸ್ತೆ ಕೆಲಸದವರು ಬಿಟ್ಟುಹೋದ ಮರಂ, ಅಂದರೆ ಗರಸು ಮಣ್ಣಿನ ಗುಡ್ಡೆ ಇತ್ತು, ಒಂದು ಆಳಿನ ಎತ್ತರ. ಆಚಾರ್ರು ಅದನ್ನು ತೋರಿಸಿ, "ಬೀಗರು ಬಂದಾರ. ಇದರ ಮ್ಯಾಲ ಒಂದು ಸರ್ತಿ ಹತ್ತಿಸಿ ತೋರ್ಸು," ಅಂದರು.

ಶರಣು ಹತ್ತಿಸಲು ಹೋದ. ಸಣ್ಣ ಲಿವರನ್ನು ಎಳೆದ, ಆದರೆ ಅರ್ಧಕ್ಕೆ ಎಂಜಿನ್ ಬಂದ್ ಆಯಿತು. ಗಾಬರಿಯಲ್ಲಿ ಕ್ಲಚ್ ಒತ್ತಿದ. ಗಾಡಿ ಹಿಂದಕ್ಕೆ ಜಾರಿ ಬಂದು ನನ್ನ ಅಂಗಡಿಯ ಪಕ್ಕ ಒಟ್ಟಿದ್ದ ಟೈರುಗಳಿಗೆ ಗುದ್ದಿತು. ಟೈರುಗಳು ಒಂದರ ಹಿಂದೆ ಒಂದು ರಸ್ತೆಗೆ ಉರುಳಿಹೋದವು. ಅದಿರಿನ ಲಾರಿಗಳು ಬ್ರೇಕ್ ಹಾಕಿ ನಿಂತವು. ಯಾರಿಗೂ ಏನೂ ಆಗಲಿಲ್ಲ. ನಾವು ಟೈರು ಹಿಡಿಯಲು ಓಡಾಡುತ್ತಲೇ ನಗಲು ಶುರು ಮಾಡಿದೆವು.

ಆಚಾರ್ರು ಕನ್ನಡಕ ಒರೆಸಿಕೊಂಡರು.

"ಗಾಡಿಗೆ ನಾಕು ಗಾಲಿ ಅವ. ನಾಕೂ ಚಲೋ ಅವ. ಕೆಟ್ಟದ್ದು ಐದನೇದು."

ಶರಣು ಪಾಪ ನಿಜವೆಂದೇ ತಿಳಿದು ಹಿಂದಕ್ಕೆ ತಿರುಗಿ ನೋಡಿದ. "ಸ್ಟೆಪ್ನಿಗೆ ಏನಾಗೇತ್ರಿ?"

"ಆ ಸ್ಟೆಪ್ನಿ ಅಲ್ಲಲೇ. ಸ್ಟೇರಿಂಗ್ ಹಿಡಕೊಂಡು ಕುಂತದಲ್ಲ, ಆ ಸ್ಟೆಪ್ನಿ."

ಹುಡುಗಿಯ ದೊಡ್ಡಣ್ಣ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಶರಣುವೂ ನಕ್ಕ, ಆದರೆ ಅವನ ಕಿವಿಗಳು ಕೆಂಪಾಗಿದ್ದವು. ನಮಸ್ಕಾರ ಹೇಳಿ ಗಾಡಿ ಹತ್ತಿ ಹೋದ.

ಇಲ್ಲಿಯವರೆಗಿನದು ಆಚಾರ್ರದು. ಮುಂದಿನದು ನನ್ನದು. ಆ ಮಾತನ್ನು ಅಂಗಡಿಗೆ ಬಂದ ಪ್ರತಿಯೊಬ್ಬರಿಗೂ ಹೇಳಿದೆ. ಲಾರಿ ಡ್ರೈವರುಗಳಿಗೆ ಹೇಳಿದೆ, ಅವರು ಸಂಡೂರಿಗೆ, ದೋಣಿಮಲೈಗೆ ಒಯ್ದರು. ಹದಿನೈದು ದಿನದಲ್ಲಿ ಹುಡುಗನ ಹೆಸರು ಸ್ಟೆಪ್ನಿ ಶರಣು ಆಯಿತು. ಗಂಗಾವತಿಗೂ ಹೋಯಿತು. ಆಮೇಲೆ ಅವನು ಶೆಡ್ಡಿನ ಕಡೆ ಬರಲಿಲ್ಲ. ಮದುವೆಯ ಓಡಾಟ ಇರಬೇಕು ಅಂದುಕೊಂಡೆವು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಎರಡು ದಿನ ಸುರಿದ ಮಳೆ ನಿಂತು ಬಿಸಿಲು ಬಿದ್ದಿತ್ತು. ಹನ್ನೊಂದರ ಹೊತ್ತಿಗೆ ನನ್ನ ಫೋನಿಗೆ ಶರಣುವಿನ ಗೆಳೆಯನ ಕರೆ ಬಂತು. ಇಬ್ಬರೂ ಸಂಡೂರಿನ ಆಚೆ ಒಂದು ಬಿಟ್ಟ ಗಣಿಯ ಹಳೇ ದಾರಿಯಲ್ಲಿ ಗುಡ್ಡ ಹತ್ತಿದ್ದರು. ಗಾಡಿ ಉರುಳಿದೆ, ಶರಣುವಿನ ಕಾಲು ಸಿಕ್ಕಿಕೊಂಡಿದೆ, ಆಂಬುಲೆನ್ಸಿನವರು ಬಂದು ಬುಡದಲ್ಲೇ ನಿಂತಿದ್ದಾರೆ, ಮೇಲೆ ಬರಲು ಆಗುತ್ತಿಲ್ಲ ಎಂದ. ಆಚಾರ್ರು ಗಾಡಿಯ ಕೆಳಗಿದ್ದರು. ಕೂಗಿ ಹೇಳಿದೆ. ಎದ್ದು ಬಂದವರೇ ಕೈ ತೊಳೆಯದೆ ತಮ್ಮ ಜೀಪು ಹತ್ತಿದರು. ನಾನೂ ಪಕ್ಕದಲ್ಲಿ ಹತ್ತಿ ಕೂತೆ.

ಗುಡ್ಡದ ಬುಡದಲ್ಲಿ ಜೀಪು ನಿಲ್ಲಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ದಾರಿಯ ಮೇಲೆ ಸ್ವಲ್ಪ ದೂರ ಹೋದರು. ನಾನು ಅವಸರ ಮಾಡಿದೆ. "ಸುಮ್ಮನಿರು," ಅಂದರು. ಕೆಂಪು ಮಣ್ಣು ಬೆಣ್ಣೆಯ ಹಾಗಾಗಿತ್ತು. ಅಲ್ಲಲ್ಲಿ ಬಗ್ಗಿ ಗಾಲಿಯ ಗುರುತು ನೋಡಿದರು. ತಿರುಗಿ ಬಂದು ಮುಂದಿನ ಎರಡೂ ಗಾಲಿಗಳ ನಟ್ಟನಡುವೆ ಇರುವ ಗುಂಡನೆಯ ಬಿರಡೆಯನ್ನು ಒಂದೊಂದಾಗಿ ಕೈಯಿಂದ ತಿರುಗಿಸಿದರು. ಅದರ ಲಾಕ್ ಬೀಳದಿದ್ದರೆ ಮುಂದಿನ ಗಾಲಿಗಳಿಗೆ ಬಲವೇ ಹೋಗುವುದಿಲ್ಲ. ಕಂಪ್ಲಿಯ ಗದ್ದೆಯಲ್ಲಿ ನನಗೆ ಕಾಣಿಸದಂತೆ ಮಾಡಿದ್ದು ಇಷ್ಟೇ. "ನೋಡ್ಕೊ," ಅಂದರು ನನಗೆ. "ಬಲಕ್ಕ ತಿರುವಿದ್ರ ಬೀಳತದ."

ಜೀಪಿನಲ್ಲಿ ಮೇಲೆ ಹೋದೆವು. ಶರಣುವಿನ ಗಾಡಿ ಒಂದು ತಿರುವಿನಲ್ಲಿ ಬಂಡೆಗೆ ಆನಿಕೊಂಡು ಮಗ್ಗುಲಾಗಿ ಬಿದ್ದಿತ್ತು. ಗೆಳೆಯನಿಗೆ ತರಚು ಗಾಯ ಅಷ್ಟೇ. ಶರಣುವಿನ ಎಡಗಾಲು ಮೊಣಕಾಲಿನ ಕೆಳಗೆ ಬಾಗಿಲ ಚೌಕಟ್ಟಿನ ಅಡಿ ಸಿಕ್ಕಿತ್ತು. ಎಚ್ಚರ ಇತ್ತು. ಆಚಾರ್ರು ಕಲ್ಲು ಕೊಟ್ಟು ಜಾಕ್ ನಿಲ್ಲಿಸಿ, ಒಂದೊಂದೇ ಹಲ್ಲು ಏರಿಸತೊಡಗಿದರು.

"ಶರಣು, ಕಾಲು ನೋಡಬ್ಯಾಡ. ನನ್ನ ಕಡೆ ನೋಡು."

"ಹತ್ತಿಸಿದ್ನಿರಿ," ಅಂದ ಶರಣು. "ತುದಿ ಮಟ ಹತ್ತಿಸಿದ್ನಿ. ಫೋಟೋ ಐತ್ರಿ, ಫೋನಿನ್ಯಾಗ."

"ಗೊತ್ತದ. ಗಾಲಿ ಗುರುತು ನೋಡ್ಕೊಂಡ ಬಂದೀನಿ. ಚಲೋ ಹತ್ತಿಸೀದಿ. ಎಲ್ಲೂ ತಪ್ಪಿಲ್ಲ."

"ಖರೇನರಿ?"

"ಖರೇನ."

ಕಾಲು ಬಿಡಿಸಿ ಅವನನ್ನು ಜೀಪಿನ ಹಿಂದೆ ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲೆ ಇತ್ತು. ಅಲ್ಲಿಂದ ನನಗೆ ಆಚಾರ್ರ ಪಾದಗಳು ಕಾಣುತ್ತಿದ್ದವು. ಆ ಇಳಿಜಾರನ್ನು ಪೂರ್ತಿ ಇಳಿಯುವವರೆಗೆ ಎರಡೂ ಪಾದ ನೆಲಕ್ಕೆ ಊರಿದ್ದವು. ಬ್ರೇಕ್ ಮುಟ್ಟಲಿಲ್ಲ, ಕ್ಲಚ್ ಮುಟ್ಟಲಿಲ್ಲ. ಎಲ್ಲಕ್ಕಿಂತ ಕೆಳಗಿನ ಗೇರಿನಲ್ಲಿ ಜೀಪು ತಾನೇ ಗುರ್ರೆನ್ನುತ್ತ ಇಳಿಯಿತು. ಬುಡದಲ್ಲಿ ಆಂಬುಲೆನ್ಸಿಗೆ ಬದಲಿಸಿ ಬಳ್ಳಾರಿಗೆ ಕರೆದುಕೊಂಡು ಹೋದೆವು. ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕಾಯಿತು.

ಸಂಜೆ ಆಸ್ಪತ್ರೆಯ ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತಿದ್ದೆವು. ಆಚಾರ್ರ ಪಂಚೆಯ ತುಂಬ ಕೆಂಪು ಮಣ್ಣು. ಅವರೇ ಮಾತು ತೆಗೆದರು.

"ಹತ್ತೂದು ತಾನೇ ಕಲ್ತಿದ್ದ. ನಾವು ನಕ್ಕದ್ದು ಹತ್ತೂದಕ್ಕ, ಅದಕ್ಕ ಅದನ್ನ ಕಲ್ತ. ಇಳಿಯೂದು ಅವನಿಗೆ ಯಾರೂ ಹೇಳಿರಲಿಲ್ಲ. ಬ್ರೇಕ್ ಒತ್ತ್ಯಾನ, ಗಾಲಿ ಬಿಗಿದು ಜಾರ್ಯಾವ. ಅಲ್ಲೇ ಬರದದ ಮಣ್ಣಾಗ." ಒಂದೊಂದೇ ಬೆರಳು ಮಡಚಿ ಎಣಿಸಿದರು, "ಕೆಳಗಿನ ಗೇರ್ ಹಾಕು. ಬ್ರೇಕ್ ಮುಟ್ಟಬ್ಯಾಡ. ನೆಟ್ಟಗ ಇಳಿ. ಮೂರು ಮಾತು. ಎಂಟು ತಿಂಗಳು ಬಂದು ಕೇಳಿದ. ಮೂರು ಮಾತು ಹೇಳಾಕ ನನಗ ಎಷ್ಟೊತ್ತು ಬೇಕಾಗಿತ್ತು?"

"ಊರಿಗೆಲ್ಲ ಹೇಳ್ಕೊಂಡು ತಿರುಗಿದಾವ ನಾನ್ರಿ," ಅಂದೆ.

"ನೀನು ಹಂಚಿದಿ. ಮಾಡಿದ್ದು ನಾನು."

ಆಗ ಶರಣುವಿನ ತಂದೆ ಬಂದರು. ನಾವು ಎದ್ದು ನಿಂತೆವು. ಅವರು ಬೈಯುತ್ತಾರೆ ಎಂದು ನಾನು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಆಚಾರ್ರ ಎರಡೂ ಕೈ ಹಿಡಿದುಕೊಂಡು, "ನೀವು ಹೋಗಲಿಲ್ಲಂದ್ರ ಹುಡುಗ ಉಳೀತಿರಲಿಲ್ರಿ," ಎಂದರು. ಆಚಾರ್ರು ತಲೆ ಎತ್ತಲಿಲ್ಲ.

ಮದುವೆಯ ಮಾತು ಮುರಿಯಿತು. ಗಂಗಾವತಿಯವರು ಹಿರಿಯರೊಬ್ಬರ ಕೈಯಲ್ಲಿ ಹೇಳಿಕಳಿಸಿದರಂತೆ. ಆಚಾರ್ರು ಮೂರು ಸಲ ಬಳ್ಳಾರಿಗೆ ಹೋಗಿ, ವಾರ್ಡಿನ ಬಾಗಿಲವರೆಗೆ ಹೋಗಿ, ಒಳಗೆ ಹೋಗದೆ ತಿರುಗಿ ಬಂದರು. ನಾನು ಜೊತೆಗಿದ್ದೆ, ಅದಕ್ಕೇ ಗೊತ್ತು.

ಆಮೇಲೆ ಅವರು ಗೇಲಿ ಬಿಟ್ಟರು. ಇಂಥ ದಿನದಿಂದ ಬಿಟ್ಟೆ ಎಂದು ಹೇಳಿದವರಲ್ಲ, ನಿಂತುಹೋಯಿತು ಅಷ್ಟೇ. ಭಾನುವಾರ ಬೆಳಿಗ್ಗೆ ಆ ಮರಂ ಗುಡ್ಡೆಯ ಹತ್ತಿರ, ದೊಡ್ಡ ಗಾಡಿ ಇದ್ದವರು ಯಾರೇ ಬರಲಿ, ಕಲಿಸಲು ಶುರು ಮಾಡಿದರು. ಮೊದಲನೇ ಪಾಠ ಇಳಿಯುವುದು. ಅದು ಬರುವವರೆಗೆ ಹತ್ತಲು ಬಿಡುತ್ತಿರಲಿಲ್ಲ. ತಾವೇ ಗಾಡಿಯನ್ನು ಮೇಲೆ ಒಯ್ದು ನಿಲ್ಲಿಸಿ, ಕೀಲಿ ಕೈಗೆ ಕೊಡುತ್ತಿದ್ದರು. ಎಲ್ಲರಿಗೂ ಬಹುವಚನ. "ಬರ್ರಿ, ಕುಂದ್ರಿ, ಹೆದರಬ್ಯಾಡ್ರಿ." ಒಮ್ಮೆ ಪ್ಲಾಸ್ಟಿಕ್ ಬಿಚ್ಚದ ಸಲಿಕೆ ಕಟ್ಟಿಕೊಂಡ ಗಾಡಿ ಬಂತು. ನಾವೆಲ್ಲ ಆಚಾರ್ರ ಮುಖ ನೋಡಿದೆವು. ಅವರು ಬೆಲ್ಟು ಸಡಿಲಿಸಿ, ಸಲಿಕೆಯ ಪ್ಲಾಸ್ಟಿಕ್ಕನ್ನು ತಾವೇ ಬಿಡಿಸಿ, ಮಡಚಿ ಮಾಲೀಕನ ಕೈಗೆ ಕೊಟ್ಟರು.

ಬಂದವರು ಚೆನ್ನಾಗಿಯೇ ಕಲಿತರು. ಆದರೆ ಚಹಾದ ಹೊತ್ತಿಗೆ ಮಂದಿ ಸೇರುವುದು ಕಡಿಮೆಯಾಯಿತು. ಆಚಾರ್ರಿಗೆ ಏನಾಗಿದೆ ಎಂದು ಕೇಳುವವರಿಗೆ ವಯಸ್ಸಾಯಿತು ಅನ್ನುತ್ತಿದ್ದೆ. ಸ್ಟೆಪ್ನಿ ಅನ್ನುವ ಹೆಸರನ್ನು ಯಾರಾದರೂ ಹೇಳಿದರೆ ಬೇಡವೆನ್ನುತ್ತಿದ್ದೆ. ಹಂಚುವಾಗ ಹದಿನೈದು ದಿನ ಸಾಕಾಗಿತ್ತು. ಅದನ್ನು ಬಿಡಿಸಲು ಎರಡು ವರ್ಷವೂ ಸಾಲಲಿಲ್ಲ.

ಎರಡು ವರ್ಷದ ಮೇಲೆ ಒಂದು ಭಾನುವಾರ ಶರಣು ಬಂದ. ತಂದೆ ದೊಡ್ಡ ಗಾಡಿ ಮಾರಿದ್ದರು. ಇದು ಸಣ್ಣ ಕಾರು, ಗೆಳೆಯ ಓಡಿಸಿಕೊಂಡು ಬಂದಿದ್ದ. ಶರಣು ಇಳಿದು ನಡೆದು ಬಂದ. ಕೃತಕ ಕಾಲು ಪ್ಯಾಂಟಿನೊಳಗೆ ಇತ್ತು. ಗೊತ್ತಿಲ್ಲದವರಿಗೆ ತಿಳಿಯುವಷ್ಟು ಕುಂಟುತ್ತಿರಲಿಲ್ಲ. ಸ್ವಲ್ಪ ದಪ್ಪಗಾಗಿದ್ದ.

"ಓಡಿಸೋದು ಮತ್ತ ಕಲೀಬೇಕ್ರಿ," ಅಂದ. "ಈ ಕಾಲಿಗೆ ಕ್ಲಚ್ ತಿಳಿಯವಲ್ದು."

ಅವತ್ತು ಏಳೆಂಟು ಮಂದಿ ಇದ್ದರು. ಆಚಾರ್ರು ಕಾರಿನ ಪಕ್ಕದ ಸೀಟಿನಲ್ಲಿ ಕೂರದೆ, ಹೊರಗೆ ಬಾಗಿಲ ಹತ್ತಿರ ನಿಂತರು. ಶರಣು ಎಂಜಿನ್ ಚಾಲೂ ಮಾಡಿ ಗೇರ್ ಹಾಕಿದ. ಕಾರು ಜಿಗಿದು ಬಂದ್ ಆಯಿತು.

"ಪರವಾಗಿಲ್ರಿ. ಮತ್ತೊಮ್ಮೆ ಮಾಡ್ರಿ," ಅಂದರು ಆಚಾರ್ರು.

ಮತ್ತೆ ಬಂದ್ ಆಯಿತು.

"ಅವಸರ ಇಲ್ರಿ. ನಿಧಾನ ಬಿಡ್ರಿ."

ಮೂರನೇ ಸಲ ಬಂದ್ ಆದಾಗ ಶರಣು ಕೀಲಿ ತೆಗೆದುಬಿಟ್ಟ. ಎರಡೂ ಕೈ ಸ್ಟೇರಿಂಗಿನ ಮೇಲೆ ಇಟ್ಟುಕೊಂಡು ಮುಂದಕ್ಕೆ ನೋಡುತ್ತ ಕೂತ.

"ಆಚಾರ್ರೇ, ನನಗ ಯಾವಾಗಿಂದ ರೀ ಹಚ್ಚಿ ಮಾತಾಡ್ತೀರಿ?"

ಆಚಾರ್ರು ಕಾರಿನ ಬಾಗಿಲು ಹಿಡಿದುಕೊಂಡರು.

"ಮನ್ಯಾಗ ಅಪ್ಪ ಬೈಯಂಗಿಲ್ಲ. ಅವ್ವ ಬೈಯಂಗಿಲ್ಲ. ಗಿರಣ್ಯಾಗ ನಾ ಲೆಕ್ಕ ತಪ್ಪಿದ್ರೂ ಗುಮಾಸ್ತ ಇರಲಿ ಬಿಡ್ರಿ ಅಂತಾನ. ಎಲ್ಲಾರೂ ಭಾಳ ಚಲೋ ಮಾತಾಡ್ತಾರ. ದಿನಾ ಹಂಗ ಮಾತಾಡಿದ್ರ, ದಿನಾ ನನಗ ಕಾಲಿನ ನೆನಪ ಆಕೈತ್ರಿ." ಅವನ ದನಿ ಎಲ್ಲೂ ಏರಲಿಲ್ಲ. "ನೀವರ ಮೊದಲಿನಂಗ ಏನರ ಅನ್ರಿ. ಅದಕ್ಕ ಇಲ್ಲಿಗೆ ಬಂದೀನಿ. ಕಾರ್ ಕಲಸವರು ಕಂಪ್ಲ್ಯಾಗೂ ಅದಾರ."

ಆಚಾರ್ರು ಕಾರಿನ ಬಾಗಿಲು ಹಿಡಿದು ನಿಂತೇ ಇದ್ದರು. ರಸ್ತೆಯಲ್ಲಿ ನಾಲ್ಕೈದು ಲಾರಿ ಹೋದವು. ಅವರು ಕನ್ನಡಕದ ಕಡೆ ಕೈ ಒಯ್ದು ಮತ್ತೆ ಇಳಿಸಿದರು. ಅವರಿಗೆ ಆಗುವುದಿಲ್ಲ ಎಂದು ನನಗೆ ಅನಿಸಿತು.

"ಲೇ," ಅಂದರು ಕೊನೆಗೆ.

ಶರಣು ತಿರುಗಿ ನೋಡಿದ.

"ಎಡಗಾಲು ಹೊಸಾದು. ಅದಕ್ಕ ಗೊತ್ತಾಗಂಗಿಲ್ಲಂದ್ರ ಒಪ್ಪತೀನಿ. ಬಲಗಾಲು ಇಪ್ಪತ್ತಾರು ವರ್ಷದಿಂದ ನಿನ್ನ ಹತ್ರನ ಅದ ಅಲ್ಲಲೇ. ಅದಕ್ಕ ಆಕ್ಸಿಲೇಟರ್ ಕೊಡಾಕ ಏನು ಧಾಡಿ?"

ಶರಣು ನಗತೊಡಗಿದ. ಹಣೆಯನ್ನು ಸ್ಟೇರಿಂಗಿಗೆ ಆನಿಸಿ, ಭುಜ ಅಲುಗುವಂತೆ ನಕ್ಕ. ಮೊದಲು ಅವನ ಗೆಳೆಯ, ಆಮೇಲೆ ನಾವೆಲ್ಲರೂ ನಕ್ಕೆವು. ಆಚಾರ್ರು ಸುತ್ತಿಕೊಂಡು ಹೋಗಿ ಪಕ್ಕದ ಬಾಗಿಲು ತೆಗೆದು ಒಳಗೆ ಕೂತರು. "ನಕ್ಕದ್ದು ಸಾಕು, ಕೀಲಿ ಹಾಕು," ಅಂದರು.

ಕಾರು ಮುಂದಕ್ಕೆ ಹೋಯಿತು, ನಿಂತಿತು, ಮತ್ತೆ ಹೋಯಿತು. ಶೆಡ್ಡಿನ ಹಿಂದಿನ ಅಂಗಳದಲ್ಲಿ ಬಿಸಿಲೇರುವವರೆಗೆ ಸುತ್ತುತ್ತಲೇ ಇತ್ತು. ಪ್ರತಿ ಸುತ್ತಿಗೂ ತೆರೆದ ಕಿಟಕಿಯಿಂದ ಆಚಾರ್ರ ಬೈಗುಳ ಕೇಳುತ್ತಿತ್ತು. ಬೈಯುವಾಗ ಅವರ ದನಿ ನಡುಗುತ್ತಿತ್ತು. ಅದು ಕೇಳಿಸುತ್ತಿಲ್ಲವೆಂಬಂತೆ ನಾವು ಚಹಾ ಕುಡಿಯುತ್ತ ಕೂತಿದ್ದೆವು.